ಒಂದೇ ಹಾಡು, ಮೂರು ಬೆಲೆ

ಪ್ರಶ್ನೆ: ನಾನು ಶಿವಮೊಗ್ಗದವನು, ಬ್ಯಾಂಕ್ ಕೆಲಸದಿಂದ ನಿವೃತ್ತನಾಗಿದ್ದೇನೆ. ಮನೆಯಲ್ಲಿ ಒಂದು ಹಳೆಯ ಸ್ಟೀರಿಯೊ ಆಂಪ್ಲಿಫೈಯರ್, ಎರಡು ಸ್ಪೀಕರ್, ವೈರ್ ಇರುವ ಒಳ್ಳೆಯ ಹೆಡ್‌ಫೋನ್, ಒಂದು ಆಂಡ್ರಾಯ್ಡ್ ಫೋನ್ ಇವೆ. ಹಳೆಯ ಕನ್ನಡ ಚಿತ್ರಗೀತೆ, ಭಾವಗೀತೆ, ಕರ್ನಾಟಕ ಸಂಗೀತ ಕೇಳುತ್ತೇನೆ. ಮ್ಯೂನಿಕ್‌ನಲ್ಲಿರುವ ಮಗಳು ಕೋಬಝ್ ಅನ್ನುವ ಸೇವೆಗೆ ನಮ್ಮ ಲೆಕ್ಕದಲ್ಲಿ ತಿಂಗಳಿಗೆ ಸಾವಿರ ರೂಪಾಯಿಗೂ ಜಾಸ್ತಿ ಕೊಡುತ್ತಾಳೆ. ಇಲ್ಲಿ ಸ್ಪಾಟಿಫೈನವರು 299 ರೂಪಾಯಿಯ ಪ್ಲಾಟಿನಂ ತೆಗೆದುಕೊಂಡರೆ ಮಾತ್ರ ‘ಲಾಸ್‌ಲೆಸ್’ ಕೊಡುತ್ತಾರೆ. ಆಪಲ್ ಮ್ಯೂಸಿಕ್‌ನಲ್ಲಿ ಅದರ ಅರ್ಧಕ್ಕಿಂತ ಕಡಿಮೆ ದುಡ್ಡಿಗೆ ಅದೇ ಸಿಗುತ್ತದಂತೆ. ಒಂದೇ ಹಾಡಿಗೆ ಮೂರು ಬೆಲೆ ಯಾಕೆ? ಜಾಸ್ತಿ ಕೊಟ್ಟರೆ ಜಾಸ್ತಿ ಚೆನ್ನಾಗಿ ಕೇಳಿಸುತ್ತದೆಯೇ? ಮಗಳ ಖಾತೆಯನ್ನೇ ಇಲ್ಲಿ ಬಳಸಬಹುದೇ?

ಉತ್ತರ: ಎರಡನೆಯ ಪ್ರಶ್ನೆಗೆ ಮೊದಲು ಉತ್ತರ ಹೇಳಿಬಿಡುತ್ತೇನೆ. ಇಲ್ಲ. ನೀವು ಹೆಸರಿಸಿದ ಮೂರೂ ಸೇವೆಗಳು ಸಿಡಿಗೆ ಸಮನಾದ ಅಥವಾ ಅದಕ್ಕೂ ಮೇಲಿನ ಗುಣಮಟ್ಟದ ಫೈಲನ್ನೇ ಕಳಿಸುತ್ತವೆ. ತಮಾಷೆ ನೋಡಿ, ಮೂರರಲ್ಲಿ ಅತಿ ಅಗ್ಗದ್ದು ಕಾಗದದ ಮೇಲೆ ಸ್ಪಾಟಿಫೈಯನ್ನು ಮೀರಿಸುತ್ತದೆ. ಸ್ಪಾಟಿಫೈ ಲಾಸ್‌ಲೆಸ್ 24 ಬಿಟ್, 44.1 ಕಿಲೋಹರ್ಟ್ಸ್‌ಗೆ ನಿಲ್ಲುತ್ತದೆ. ಆಪಲ್ ಮ್ಯೂಸಿಕ್ ಮತ್ತು ಕೋಬಝ್ 192 ಕಿಲೋಹರ್ಟ್ಸ್ ತನಕ ಹೋಗುತ್ತವೆ. ಹಾಗಾದರೆ ನಾವು ಕೊಡುವ ದುಡ್ಡು ಯಾವುದಕ್ಕೆ? ಅದನ್ನು ಹೇಳಲು ಸ್ವಲ್ಪ ಹಿಂದಕ್ಕೆ ಹೋಗಬೇಕು.

ಲಾಸ್‌ಲೆಸ್ ಅಂದರೆ ಏನು ಅನ್ನುವುದನ್ನು ಎರಡು ಮಾತಿನಲ್ಲಿ ಮುಗಿಸೋಣ. ಸಿಡಿಯಲ್ಲಿ ಪ್ರತಿ ಸೆಕೆಂಡಿಗೆ 44,100 ಸಲ (ಅಂದರೆ 44.1 ಕಿಲೋಹರ್ಟ್ಸ್) ಧ್ವನಿಯನ್ನು ಅಳೆದು, ಒಂದೊಂದು ಅಳತೆಯನ್ನೂ 16 ಬಿಟ್‌ನಲ್ಲಿ ಬರೆದಿಡುತ್ತಾರೆ. ಎಡ, ಬಲ ಎರಡೂ ಸೇರಿ ಸೆಕೆಂಡಿಗೆ 1,411 ಕಿಲೋಬಿಟ್. ಎಂಪಿ3 ಥರದ ಫೈಲುಗಳು ಕಿವಿಗೆ ಗೊತ್ತಾಗದು ಅನಿಸಿದ ಭಾಗವನ್ನು ಎಸೆದು ಅದನ್ನು 320 ಅಥವಾ 256ಕ್ಕೆ ಇಳಿಸುತ್ತವೆ. ಲಾಸ್‌ಲೆಸ್ ಏನನ್ನೂ ಎಸೆಯುವುದಿಲ್ಲ, ಸುಮ್ನೆ ಗಂಟು ಕಟ್ಟಿ ಚಿಕ್ಕದು ಮಾಡುತ್ತದೆ. ಬಿಚ್ಚಿದಾಗ ಮೊದಲಿದ್ದದ್ದೇ ಬರುತ್ತದೆ. ‘ಹೈ-ರೆಸ್’ ಅಂದರೆ ಸಿಡಿಗಿಂತ ಹೆಚ್ಚು ಬಿಟ್, ಹೆಚ್ಚು ಕಿಲೋಹರ್ಟ್ಸ್. ಅಷ್ಟೇ.

ಈಗ ಬೆಲೆಯ ಕಥೆ. 2014ರ ಕೊನೆಯಲ್ಲಿ ಟೈಡಲ್ ಅನ್ನುವ ಸೇವೆ ಅಮೆರಿಕ, ಬ್ರಿಟನ್‌ಗಳಲ್ಲಿ ಶುರುವಾಯಿತು. ನಡೆಸುತ್ತಿದ್ದದ್ದು ನಾರ್ವೆ ಮೂಲದ ಆಸ್ಪಿರೊ ಕಂಪನಿ. ಮರುವರ್ಷ ರ‍್ಯಾಪ್ ಗಾಯಕ ಜೇ-ಝೀ ಸುಮಾರು 56 ಮಿಲಿಯನ್ ಡಾಲರ್ ಕೊಟ್ಟು ಅದನ್ನು ಕೊಂಡರು. ಆಗ ಇದ್ದ ದರ ಹೀಗೆ: ಮಾಮೂಲಿ ಗುಣಮಟ್ಟಕ್ಕೆ ತಿಂಗಳಿಗೆ 9.99 ಡಾಲರ್, ಸಿಡಿ ಗುಣಮಟ್ಟಕ್ಕೆ 19.99. ಸರಿಯಾಗಿ ಎರಡು ಪಟ್ಟು. 2019ರ ಫೆಬ್ರವರಿಯಲ್ಲಿ ಫ್ರಾನ್ಸಿನ ಕೋಬಝ್ ಅಮೆರಿಕಕ್ಕೆ ಬಂದಾಗ ಹೈ-ರೆಸ್‌ಗೆ 24.99 ಡಾಲರ್ ಕೇಳಿತ್ತು. ಒಳ್ಳೆಯ ಧ್ವನಿ ಬೇಕೆನ್ನುವವರು ಹೇಗೂ ಸ್ಪೀಕರಿಗೆ, ಹೆಡ್‌ಫೋನಿಗೆ ಸಾವಿರಾರು ಸುರಿದಿರುತ್ತಾರೆ. ಇನ್ನು ಹತ್ತು ಹದಿನೈದು ಡಾಲರಿಗೆ ಚೌಕಾಸಿ ಮಾಡುವುದಿಲ್ಲ. ಲೆಕ್ಕಾಚಾರ ಇಷ್ಟೇ ಇತ್ತು.

ಆ ಲೆಕ್ಕವನ್ನು ಮೊದಲು ಕೆಡಿಸಿದ್ದು ಅಮೆಜಾನ್. 2019ರ ಸೆಪ್ಟೆಂಬರ್‌ನಲ್ಲಿ ಅದು ಅಮೆಜಾನ್ ಮ್ಯೂಸಿಕ್ ಎಚ್‌ಡಿ ತಂದು 14.99 ಡಾಲರ್ ಇಟ್ಟಿತು. ಪ್ರೈಮ್ ಸದಸ್ಯರಿಗೆ 12.99. ಎರಡೇ ತಿಂಗಳಲ್ಲಿ, ಅಂದರೆ ನವೆಂಬರ್‌ನಲ್ಲಿ, ಕೋಬಝ್ ತಾನೂ 14.99ಕ್ಕೆ ಇಳಿಯಿತು. ಇಳಿಯುವಾಗ ಇನ್ನೊಂದು ಕೆಲಸ ಮಾಡಿತು. ಎಂಪಿ3 ಚಂದಾವನ್ನೇ ಕೈಬಿಟ್ಟಿತು.

ದೊಡ್ಡ ಏಟು ಬಿದ್ದದ್ದು 2021ರ ಮೇ 17ಕ್ಕೆ. ಅಂದು ಆಪಲ್, ‘ಮುಂದಿನ ತಿಂಗಳಿಂದ ನಮ್ಮ ಚಂದಾದಾರರೆಲ್ಲರಿಗೂ ಲಾಸ್‌ಲೆಸ್, ಹೈ-ರೆಸ್ ಎರಡೂ ಸಿಗುತ್ತವೆ, ಒಂದು ಪೈಸೆ ಹೆಚ್ಚಿಗೆ ಬೇಡ’ ಎಂಬರ್ಥದ ಪ್ರಕಟಣೆ ಕೊಟ್ಟಿತು. ಅದೇ ದಿನ ಅಮೆಜಾನ್ ಕೂಡ ಎಚ್‌ಡಿಯ ಹೆಚ್ಚುವರಿ ದರ ತೆಗೆದುಹಾಕಿತು. ಆರೂವರೆ ವರ್ಷ ಹೆಚ್ಚಿನ ಬೆಲೆಗೆ ಮಾರಿದ ಸರಕು ಒಂದೇ ದಿನದಲ್ಲಿ ಪುಕ್ಕಟೆಯಾಯಿತು.

ಆಪಲ್‌ಗೆ ಇದು ಹೇಗೆ ಸಾಧ್ಯವಾಯಿತು? ಅದರ ಸಂಪಾದನೆ ಇರುವುದು ಫೋನಿನಲ್ಲಿ. ಅಮೆಜಾನ್‌ಗೆ ಅಂಗಡಿ ಇದೆ. ಸಂಗೀತ ಅವರಿಗೆ ಗಿರಾಕಿಯನ್ನು ಮನೆಯೊಳಗೇ ಇಟ್ಟುಕೊಳ್ಳುವ ಒಂದು ದಾರಿ. ಟೈಡಲ್, ಕೋಬಝ್, ಸ್ಪಾಟಿಫೈಗಳಿಗೆ ಇರುವುದು ಸಂಗೀತ ಒಂದೇ. ಹೋಟೆಲ್‌ನವನೊಬ್ಬ ತಿಂಡಿಯಲ್ಲಿ ಲಾಭ ನೋಡಿಕೊಂಡು ಕಾಫಿಯನ್ನು ಅಸಲಿಗೇ ಕೊಡಲು ಶುರುಮಾಡಿದರೆ, ಪಕ್ಕದಲ್ಲಿ ಬರೀ ಕಾಫಿ ಮಾರುವವನ ಗತಿ ಏನು? ಹೆಚ್ಚುಕಮ್ಮಿ ಹಾಗೇ ಆಯಿತು.

ಪಾಪ ಸ್ಪಾಟಿಫೈ. ಆ ಘೋಷಣೆಗೆ ಮೂರು ತಿಂಗಳ ಮುಂಚೆ, 2021ರ ಫೆಬ್ರವರಿಯಲ್ಲಿ, ‘ಸ್ಪಾಟಿಫೈ ಹೈಫೈ’ ಬರುತ್ತದೆ ಎಂದು ಡಂಗುರ ಸಾರಿತ್ತು. ಅದನ್ನು ಬೇರೆ ದರಕ್ಕೆ ಮಾರುವ ಯೋಚನೆ ಇತ್ತೆಂದು ನನ್ನ ಊಹೆ. ಪಕ್ಕದವರು ಪುಕ್ಕಟೆ ಕೊಟ್ಟ ಮೇಲೆ ಯಾವ ಮುಖ ಇಟ್ಟುಕೊಂಡು ದುಡ್ಡು ಕೇಳುವುದು? ಪುಕ್ಕಟೆ ಕೊಟ್ಟರೆ ಕೈಗೆ ಬರುವುದೇನು? ಹೀಗೆ ನಾಲ್ಕೂವರೆ ವರ್ಷ ಕಳೆಯಿತು. ಕೊನೆಗೆ ಲಾಸ್‌ಲೆಸ್ ಬಂದದ್ದು 2025ರ ಸೆಪ್ಟೆಂಬರ್‌ನಲ್ಲಿ. ಅಮೆರಿಕದಲ್ಲಿ ಅದನ್ನು 11.99 ಡಾಲರ್‌ನ ಮಾಮೂಲಿ ಪ್ರೀಮಿಯಂ ಒಳಗೇ ಹಾಕಿಕೊಟ್ಟರು.

ಟೈಡಲ್ ಇನ್ನೂ ಮುಂಚೆಯೇ ಸೋಲೊಪ್ಪಿಕೊಂಡಿತ್ತು. 2024ರ ಏಪ್ರಿಲ್‌ನಲ್ಲಿ ಎಲ್ಲ ಗುಣಮಟ್ಟವನ್ನೂ ಒಂದೇ ಚಂದಾದಲ್ಲಿ ಸೇರಿಸಿ 10.99 ಡಾಲರ್ ಮಾಡಿತು. ಅದೇ ವರ್ಷ ಎಂಕ್ಯೂಎ ಎಂಬ ಫೈಲ್ ಮಾದರಿಗೂ ಕೈಮುಗಿಯಿತು. ಈ ಎಂಕ್ಯೂಎ ಬಗ್ಗೆ ಒಂದು ಮಾತು ಹೇಳದಿದ್ದರೆ ನನಗೆ ಸಮಾಧಾನವಿಲ್ಲ. ಸ್ಟುಡಿಯೋದ ಮೂಲ ಧ್ವನಿಯನ್ನೇ ಸಣ್ಣ ಫೈಲಿನಲ್ಲಿ ‘ಮಡಚಿ’ ಕಳಿಸುತ್ತೇವೆ ಎಂದು ಅದರವರು ಹೇಳುತ್ತಿದ್ದರು. ಪೂರ್ತಿ ಬಿಚ್ಚಿ ಕೇಳಬೇಕೆಂದರೆ ಅವರ ಲೈಸೆನ್ಸ್ ಇರುವ ಉಪಕರಣ ಬೇಕಿತ್ತು. ನಿಜವಾಗಿ ಅದು ಲಾಸ್‌ಲೆಸ್ ಆಗಿರಲಿಲ್ಲ, ಮಡಚುವಾಗ ಸ್ವಲ್ಪ ಹೋಗುತ್ತಿತ್ತು. ಹಾಗಿದ್ದೂ ಆ ಹೆಸರಿನ ಪುಟ್ಟ ದೀಪ ಹೊತ್ತಿಕೊಳ್ಳುತ್ತದೆಂದೇ ಜನ ಹೊಸ ಡಬ್ಬಿ ಕೊಂಡರು. ನಾನೂ ಕೊಂಡೆ. ದೀಪ ಚೆನ್ನಾಗಿಯೇ ಹೊತ್ತಿಕೊಳ್ಳುತ್ತಿತ್ತು. 2023ರ ಏಪ್ರಿಲ್‌ನಲ್ಲಿ ಎಂಕ್ಯೂಎ ಕಂಪನಿಯೇ ದಿವಾಳಿಯ ಅಂಚಿಗೆ ಬಂದು, ಅದರ ಆಸ್ತಿ ಕೆನಡಾದ ಲೆನ್‌ಬ್ರೂಕ್ ಪಾಲಾಯಿತು.

ಇಲ್ಲಿಗೆ ನಿಮ್ಮ ಮೊದಲ ಪ್ರಶ್ನೆಗೆ ಬರೋಣ. ಹಳೆಯ ಟಾಕೀಸುಗಳನ್ನು ನೀವು ನೋಡಿದ್ದೀರಿ. ಮುಂದೆ ಗಾಂಧಿ ಕ್ಲಾಸ್, ಹಿಂದೆ ಸೆಕೆಂಡ್ ಕ್ಲಾಸ್, ಮೇಲೆ ಬಾಲ್ಕನಿ. ಪರದೆ ಒಂದೇ, ರೀಲೂ ಒಂದೇ. ಗಾಂಧಿ ಕ್ಲಾಸಿನ ಬೆಂಚಿಗೆ ಒಂದು ಮೆತ್ತೆ ಹಾಕಿಸುವುದು ಮಾಲೀಕನಿಗೆ ಕಷ್ಟವಾಗಿರಲಿಲ್ಲ. ಆದರೆ ಮೆತ್ತೆ ಹಾಕಿಸಿದರೆ ಬಾಲ್ಕನಿಗೆ ಹತ್ತುವವರು ಯಾರು? ಫ್ರಾನ್ಸಿನ ಎಂಜಿನಿಯರ್ ಜೂಲ್ ದ್ಯುಪುಯಿ 1849ರಲ್ಲೇ ರೈಲಿನ ಮೂರನೆಯ ದರ್ಜೆಯ ಬಗ್ಗೆ ಇದನ್ನೇ ಬರೆದಿದ್ದರು. ಆ ಡಬ್ಬಿಗಳಿಗೆ ಸೂರು ಇಲ್ಲದಿರುವುದು ಖರ್ಚು ಉಳಿಸಲಿಕ್ಕಲ್ಲ, ಎರಡನೆಯ ದರ್ಜೆಯ ದುಡ್ಡು ಕೊಡಬಲ್ಲವರು ಅಲ್ಲಿಗೆ ಬಂದು ಕೂರದಿರಲಿ ಎಂದು.

ಸಂಗೀತ ಸೇವೆಯಲ್ಲಿ ಈ ಆಟ ಇನ್ನೂ ಸ್ಪಷ್ಟವಾಗಿ ಕಾಣುತ್ತದೆ. ಯಾಕೆಂದರೆ ಕ್ಯಾಸೆಟ್ ಕಂಪನಿಗಳು, ಈಗಿನ ಮಾತಿನಲ್ಲಿ ಲೇಬಲ್‌ಗಳು, ಸೇವೆಗಳಿಗೆ ಕಳಿಸುವುದು ಸಾಮಾನ್ಯವಾಗಿ ಲಾಸ್‌ಲೆಸ್ ಫೈಲನ್ನೇ. ಅದನ್ನು ಕುಗ್ಗಿಸಿ 320 ಮಾಡುವುದು ಸೇವೆಯ ಕೆಲಸ. ಅಂದರೆ ಒಳ್ಳೆಯದು ಮೊದಲೇ ಅವರ ಕೈಯಲ್ಲಿದೆ. ಕೆಲಸ ಕೊಟ್ಟು ತಯಾರಿಸಬೇಕಾದದ್ದು ಕಡಿಮೆ ಗುಣಮಟ್ಟದ್ದು! ಮೊದಲು ಇದಕ್ಕೆ ಕಾರಣವೂ ಇತ್ತು. ಇಂಟರ್ನೆಟ್ ನಿಧಾನ ಇತ್ತು, ಫೋನಿನಲ್ಲಿ ಜಾಗ ಕಡಿಮೆ ಇತ್ತು. ದೊಡ್ಡ ಫೈಲ್ ಕಳಿಸಲು ಕಂಪನಿಗೂ ಸ್ವಲ್ಪ ಹೆಚ್ಚು ಖರ್ಚಾಗುತ್ತದೆ, ಅದು ಸುಳ್ಳಲ್ಲ. ಆದರೆ ಒಟ್ಟು ಲೆಕ್ಕದಲ್ಲಿ ಅದು ಸಣ್ಣ ಬಾಬತ್ತು.

ದೊಡ್ಡ ಬಾಬತ್ತು ಯಾವುದು ಗೊತ್ತಾ? ಹಕ್ಕುದಾರರ ಪಾಲು. ಬಂದ ಆದಾಯದಲ್ಲಿ ಸುಮಾರು ಮೂರನೇ ಎರಡು ಭಾಗ ಲೇಬಲ್‌ಗಳಿಗೆ, ಸಾಹಿತ್ಯ ಮತ್ತು ಸಂಗೀತದ ಹಕ್ಕು ಇರುವವರಿಗೆ ಹೋಗುತ್ತದೆ. ಯೂನಿವರ್ಸಲ್, ಸೋನಿ, ವಾರ್ನರ್ ಎಂಬ ಮೂವರ ಹತ್ತಿರ ಜಗತ್ತಿನ ಸಂಗೀತದ ದೊಡ್ಡ ಪಾಲು ಇದೆ. ಅವರು ಎಲ್ಲ ಸೇವೆಗಳಿಗೂ ಹೆಚ್ಚುಕಮ್ಮಿ ಒಂದೇ ಸರಕು ಕೊಡುತ್ತಾರೆ. ಸಿನಿಮಾ ಓಟಿಟಿಗಳ ಹಾಗೆ ‘ಈ ಹಾಡು ನಮ್ಮಲ್ಲಿ ಮಾತ್ರ’ ಎಂದು ಹೇಳಿಕೊಳ್ಳುವ ಅವಕಾಶ ಇಲ್ಲಿ ಕಡಿಮೆ. ಸರಕು ಒಂದೇ, ಸಗಟು ದರವೂ ಹೆಚ್ಚುಕಮ್ಮಿ ಒಂದೇ ಆದ ಮೇಲೆ ಅಂಗಡಿಯವನಿಗೆ ಉಳಿಯುವುದು ಪ್ಯಾಕಿಂಗ್, ಸೌಕರ್ಯ, ಬೆಲೆ. 2008ರಲ್ಲಿ ಶುರುವಾದ ಸ್ಪಾಟಿಫೈ ಇಡೀ ವರ್ಷದ ಲೆಕ್ಕದಲ್ಲಿ ಮೊದಲ ಬಾರಿ ಲಾಭ ಕಂಡದ್ದು 2024ರಲ್ಲಿ. ಜಗತ್ತಿನ ಅತಿ ದೊಡ್ಡ ಸಂಗೀತ ಸೇವೆಗೇ ಹದಿನಾರು ವರ್ಷ ಬೇಕಾಯಿತು.

ಇದರ ಮೇಲೆ ಇನ್ನೊಂದು ತೊಡಕು. ಆಪಲ್ ಫೋನಿನ ಆ್ಯಪ್ ಅಂಗಡಿಯ ಮೂಲಕ ಚಂದಾ ಕಟ್ಟಿದರೆ ಮೊದಲ ವರ್ಷ 30 ಶೇಕಡಾ ಆಪಲ್‌ಗೆ ಹೋಗುತ್ತಿತ್ತು. ಎದುರಾಳಿಯ ಅಂಗಡಿಯಲ್ಲೇ ಸುಂಕ ಕೊಟ್ಟು ವ್ಯಾಪಾರ ಮಾಡಿದ ಹಾಗೆ. ಬೇರೆ ಕಡೆ ಕಡಿಮೆಗೆ ಸಿಗುತ್ತದೆ ಎಂದು ಆ್ಯಪ್ ಒಳಗೆ ಬರೆಯುವಂತೆಯೂ ಇರಲಿಲ್ಲ. ಸ್ಪಾಟಿಫೈ 2019ರಲ್ಲಿ ಯುರೋಪಿಯನ್ ಕಮಿಷನ್‌ಗೆ ದೂರು ಕೊಟ್ಟಿತು. 2024ರ ಮಾರ್ಚ್‌ನಲ್ಲಿ ಆಪಲ್‌ಗೆ 1.8 ಬಿಲಿಯನ್ ಯೂರೋಗಿಂತ ಹೆಚ್ಚು ದಂಡ ಬಿತ್ತು.

ನಿಮ್ಮ ಮಗಳ ಕೋಬಝ್ ಈ ಜಗಳದಲ್ಲಿ ಬೇರೆಯದೇ ಮೂಲೆಯಲ್ಲಿ ಕೂತಿದೆ. ಅದಕ್ಕೆ ಫೋನೂ ಇಲ್ಲ, ಅಂಗಡಿಯೂ ಇಲ್ಲ, ಜಾಹೀರಾತು ಹಾಕಿ ಪುಕ್ಕಟೆ ಕೇಳಿಸುವ ವ್ಯವಸ್ಥೆಯೂ ಇಲ್ಲ. ಅದು ಮಾರುವುದು ಬೇರೆ ಥರದ ನಂಬಿಕೆಯನ್ನು. ಆಲ್ಬಮ್ ಬಗ್ಗೆ ಬರೆಸಿದ ಲೇಖನ, ಕೆಲವು ಆಲ್ಬಮ್‌ಗಳ ಜೊತೆ ಪುಸ್ತಿಕೆ, ಬೇಕೆಂದರೆ ಹಾಡನ್ನು ಕೊಂಡು ಡೌನ್‌ಲೋಡ್ ಮಾಡಿ ಶಾಶ್ವತವಾಗಿ ಇಟ್ಟುಕೊಳ್ಳುವ ಅಂಗಡಿ. 2025ರಲ್ಲಿ ಅದು ತನ್ನ ಲೆಕ್ಕ ಬಿಚ್ಚಿಟ್ಟಿತು: ಒಂದು ಸಾವಿರ ಸಲ ಹಾಡು ಕೇಳಿದರೆ ಹಕ್ಕುದಾರರಿಗೆ ಸರಾಸರಿ 18.73 ಡಾಲರ್. ಆಪಲ್ 2021ರಲ್ಲಿ ಕಲಾವಿದರಿಗೆ ಬರೆದ ಪತ್ರದಲ್ಲಿ ಹೇಳಿದ್ದ ಸರಾಸರಿ ಸಾವಿರಕ್ಕೆ ಸುಮಾರು 10 ಡಾಲರ್. ಈ ದುಡ್ಡು ನೇರ ಗಾಯಕರ ಜೇಬಿಗೆ ಹೋಗುವುದಿಲ್ಲ, ಮೊದಲು ಲೇಬಲ್‌ಗೆ. ಆದರೂ ವ್ಯತ್ಯಾಸ ಸಣ್ಣದಲ್ಲ. ನಿಮ್ಮ ಮಗಳು ಕೊಡುವ ಹೆಚ್ಚಿನ ದುಡ್ಡಿನಲ್ಲಿ ಧ್ವನಿಗಿಂತ ಇದರ ಪಾಲೇ ಜಾಸ್ತಿ. ಅದು ದಂಡ ಅಂತ ನಾನು ಹೇಳುವುದಿಲ್ಲ.

ಇನ್ನು ನಮ್ಮ ಕಡೆಯ ವಿಚಿತ್ರ. ಅಮೆರಿಕದಲ್ಲಿ ಮಾಮೂಲಿ ಚಂದಾದೊಳಗೆ ಬಂದ ಲಾಸ್‌ಲೆಸ್, ಭಾರತದಲ್ಲಿ ಬಾಲ್ಕನಿಗೆ ಹೋಯಿತು. 2025ರ ನವೆಂಬರ್‌ನಲ್ಲಿ ಸ್ಪಾಟಿಫೈ ಭಾರತ, ಇಂಡೊನೇಷ್ಯಾ, ದಕ್ಷಿಣ ಆಫ್ರಿಕಾ, ಸೌದಿ ಅರೇಬಿಯಾ, ಯುಎಇಗಳಲ್ಲಿ ಚಂದಾವನ್ನು ಮೂರು ಮೆಟ್ಟಿಲು ಮಾಡಿತು. ನಮ್ಮಲ್ಲಿ ಲೈಟ್ 139, ಸ್ಟ್ಯಾಂಡರ್ಡ್ 199, ಪ್ಲಾಟಿನಂ 299 ರೂಪಾಯಿ. ಲಾಸ್‌ಲೆಸ್ ಮೂರನೆಯದರಲ್ಲಿ ಮಾತ್ರ.

ಯಾಕೆ ಹೀಗೆ? ಭಾರತದಲ್ಲಿ ಹಾಡು ಕೇಳುವವರು ಕೋಟಿಗಟ್ಟಲೆ, ದುಡ್ಡು ಕೊಡುವವರು ಬಹಳ ಕಡಿಮೆ. ಯೂಟ್ಯೂಬ್‌ನಲ್ಲಿ ಪುಕ್ಕಟೆ ಸಿಗುವಾಗ ಯಾಕೆ ಕೊಡಬೇಕು, ಅಲ್ವಾ? ಶಾಂಪೂ ಸ್ಯಾಶೆಯ ಹಾಗೆ ದಿನಕ್ಕೆ 7 ರೂಪಾಯಿಯ ಚಂದಾವನ್ನೂ ಸ್ಪಾಟಿಫೈ ಇಲ್ಲಿ ಮಾರಿದೆ. ಆಪಲ್ 2019ರಲ್ಲಿ ತನ್ನ ದರವನ್ನು 120ರಿಂದ 99ಕ್ಕೆ ಇಳಿಸಿತು. ಈ ಅಗ್ಗದ ಪೈಪೋಟಿಯಲ್ಲಿ ನಮ್ಮವರೇ ಎಷ್ಟೋ ಜನ ಮುಳುಗಿದರು. 2010ರಲ್ಲಿ ಶುರುವಾಗಿ ಮನೆಮಾತಾಗಿದ್ದ ಗಾನಾ 2023ರ ಡಿಸೆಂಬರ್‌ನಲ್ಲಿ ಕೈಬದಲಾದಾಗ ಅದರ ಬೆಲೆ ಎಷ್ಟು ಗೊತ್ತಾ? ಬರೀ 25 ಲಕ್ಷ ರೂಪಾಯಿ. ಶಿವಮೊಗ್ಗದಲ್ಲಿ ಆ ದುಡ್ಡಿಗೆ ಒಳ್ಳೆಯ ಸೈಟು ಸಿಗುವುದೂ ಕಷ್ಟ. ಕೊಂಡದ್ದು ರೇಡಿಯೊ ಮಿರ್ಚಿಯ ಕಂಪನಿ. 2024ರ ಜನವರಿಯಲ್ಲಿ ಚೀನಾ ಮೂಲದ ರೆಸ್ಸೊ ಸೇವೆಯೂ ಇಲ್ಲಿ ಅಂಗಡಿ ಮುಚ್ಚಿತು. ಅದೇ ವರ್ಷ ಏರ್‌ಟೆಲ್ ತನ್ನ ವಿಂಕ್ ಎಂಬ ಸಂಗೀತ ಸೇವೆಯನ್ನು ನಿಲ್ಲಿಸುವುದಾಗಿ ಹೇಳಿ, ಆಪಲ್ ಜೊತೆ ಒಪ್ಪಂದ ಮಾಡಿಕೊಂಡಿತು.

ಉಳಿದವರು ಈಗ ದುಡ್ಡು ಕೊಡುವ ಸಣ್ಣ ಗುಂಪಿನಿಂದಲೇ ಸ್ವಲ್ಪ ಜಾಸ್ತಿ ತೆಗೆಯಬೇಕು. ಆ ಗುಂಪನ್ನು ಗುರುತಿಸುವುದು ಹೇಗೆ? ‘ಲಾಸ್‌ಲೆಸ್ ಬೇಕು’ ಎಂದು ಕೈಯೆತ್ತುವವರು ಸಾಮಾನ್ಯವಾಗಿ ದುಡ್ಡು ಕೊಡಬಲ್ಲವರು. ಅಂದರೆ ನಿಮ್ಮಂಥವರು, ನನ್ನಂಥವರು. 299 ಅನ್ನುವುದು ಆ ಫೈಲಿನ ಬೆಲೆಯಲ್ಲ, ಕೈಯೆತ್ತಿದ್ದರ ಬೆಲೆ. ನ್ಯಾಯವಾಗಿ ಇನ್ನೊಂದು ಮಾತೂ ಹೇಳಬೇಕು. ಪ್ಲಾಟಿನಂ ಅನ್ನು ಒಂದೇ ಮನೆಯ ಮೂವರು ಬಳಸಬಹುದು. ಮನೆಯಲ್ಲಿ ಮೂವರು ಹಾಡು ಕೇಳುವವರಿದ್ದರೆ ತಲೆಗೆ ನೂರು ರೂಪಾಯಿ ಬಿದ್ದಂತಾಯಿತು. ಆಗ ಅದು ದುಬಾರಿಯೇ ಅಲ್ಲ. ಒಬ್ಬರೇ ಕೇಳುವುದಾದರೆ, ಬರೀ ಲಾಸ್‌ಲೆಸ್‌ಗಾಗಿ, ಬೇಡ.

ಯೂಟ್ಯೂಬ್ ಮ್ಯೂಸಿಕ್ ಬಗ್ಗೆ ನೀವು ಕೇಳಿಲ್ಲ. ಅದರಲ್ಲಿ ಗರಿಷ್ಠ 256 ಕಿಲೋಬಿಟ್, ಲಾಸ್‌ಲೆಸ್ ಇಲ್ಲ. ಆದರೆ ಬೇರೆಲ್ಲೂ ಸಿಗದ ಹಳೆಯ ಕಛೇರಿ, ಸುಗಮ ಸಂಗೀತ ಅಲ್ಲಿ ಸಿಗುತ್ತದೆ. ಹಾಗಾಗಿ ಅದನ್ನು ಪೂರ್ತಿ ಬಿಡಬೇಡಿ.

ಈಗ ಕಿವಿಯ ವಿಷಯ. ಇಲ್ಲಿ ನಾನು ಕೆಲವರ ಬೇಸರ ಕಟ್ಟಿಕೊಳ್ಳುತ್ತೇನೆ. ಎಳೆಯ ಕಿವಿ ಕೇಳುವುದು ಹೆಚ್ಚೆಂದರೆ 20 ಕಿಲೋಹರ್ಟ್ಸ್ ತನಕ. ವಯಸ್ಸಾದ ಹಾಗೆ ಅದು ಕೆಳಗಿಳಿಯುತ್ತದೆ, ಅರವತ್ತು ದಾಟಿದ ನಮ್ಮ ಕಿವಿಯ ಮಾತು ಬೇಡವೇ ಬೇಡ. ಸಿಡಿಯ 44.1 ಕಿಲೋಹರ್ಟ್ಸ್ ಅಳತೆ ಹತ್ತಿರ ಹತ್ತಿರ 22 ಕಿಲೋಹರ್ಟ್ಸ್ ತನಕದ ಧ್ವನಿಯನ್ನು ಹಿಡಿದಿಡುತ್ತದೆ. ಇದರ ಮೇಲಿನ ಹೈ-ರೆಸ್ ನಮಗೆ ಗೊತ್ತಾಗುತ್ತದಾ? ಅಮೆರಿಕದ ಮೇಯರ್ ಮತ್ತು ಮೊರಾನ್ 2007ರಲ್ಲಿ ಒಂದು ಪರೀಕ್ಷೆಯ ಫಲಿತಾಂಶ ಪ್ರಕಟಿಸಿದರು. ಹೈ-ರೆಸ್ ತಟ್ಟೆ ಹಾಕಿ, ನಡುವೆ ಅದನ್ನು ಸಿಡಿ ಮಟ್ಟಕ್ಕೆ ಇಳಿಸುವ ಡಬ್ಬಿ ಸೇರಿಸಿ, ಯಾವುದು ಯಾವುದು ಎಂದು ಕೇಳುಗರನ್ನು ಕೇಳಿದರು. 554 ಸಲದಲ್ಲಿ 276 ಸಲ ಸರಿಯಾಯಿತು. ನಾಣ್ಯ ಚಿಮ್ಮಿದರೂ ಅಷ್ಟೇ. 2016ರಲ್ಲಿ ಲಂಡನ್ನಿನ ಕ್ವೀನ್ ಮೇರಿ ವಿಶ್ವವಿದ್ಯಾಲಯದ ಜೋಶುವಾ ರೈಸ್ ಇಂಥ 18 ಪ್ರಯೋಗಗಳನ್ನು ಒಟ್ಟುಗೂಡಿಸಿ ನೋಡಿದರು. ಸರಿಯುತ್ತರ ಶೇಕಡಾ 52.3. ತರಬೇತಿ ಪಡೆದ ಕಿವಿಗಳು ಇನ್ನೂ ಸ್ವಲ್ಪ ಮುಂದಿದ್ದವು. ಅಂದರೆ ವ್ಯತ್ಯಾಸ ಪೂರ್ತಿ ಸುಳ್ಳೂ ಅಲ್ಲ, ನಮ್ಮ ನಿಮ್ಮ ಹಜಾರದಲ್ಲಿ ಲೆಕ್ಕಕ್ಕೆ ಬರುವಂಥದ್ದೂ ಅಲ್ಲ.

320ಕ್ಕೂ ಲಾಸ್‌ಲೆಸ್‌ಗೂ ಇರುವ ವ್ಯತ್ಯಾಸವನ್ನು ನೀವೇ ಪರೀಕ್ಷಿಸಬಹುದು. ಒಂದೇ ಆ್ಯಪ್, ಒಂದೇ ಹಾಡು, ಒಂದೇ ವಾಲ್ಯೂಮ್. ಮನೆಯವರ ಕೈಗೆ ಫೋನ್ ಕೊಟ್ಟು ನೀವು ಆ ಕಡೆ ತಿರುಗಿ ಕೂರಿ. ಅವರು ಸೆಟ್ಟಿಂಗ್ ಬದಲಿಸಲಿ, ಕೆಲವೊಮ್ಮೆ ಬದಲಿಸದೆಯೂ ಇರಲಿ. ಇಪ್ಪತ್ತು ಸಲ ಮಾಡಿ, ಉತ್ತರ ಬರೆದಿಡಿ. ವಾಲ್ಯೂಮ್ ಒಂದಿಷ್ಟೂ ಏರುಪೇರಾಗಬಾರದು, ಯಾಕೆಂದರೆ ತುಸು ಜೋರಾಗಿ ಕೇಳಿದ್ದೇ ‘ಚೆನ್ನಾಗಿದೆ’ ಎಂದು ಮನಸ್ಸು ತೀರ್ಪು ಕೊಡುತ್ತದೆ. ಎರಡು ಬೇರೆ ಸೇವೆಗಳನ್ನು ಹೋಲಿಸುವಾಗ ಜನ ಮೋಸ ಹೋಗುವುದು ಇಲ್ಲೇ. ನಾನು ಮಾಡಿದಾಗ ಇಪ್ಪತ್ತರಲ್ಲಿ ಹನ್ನೊಂದು ಬಂತು. ಮಡದಿ ಆ ಚೀಟಿಯನ್ನು ಇನ್ನೂ ಎತ್ತಿಟ್ಟಿದ್ದಾಳೆ. ಹೊಸ ಆಂಪ್ಲಿಫೈಯರ್ ಮಾತು ಬಂದಾಗೆಲ್ಲ ಅದು ಹೊರಗೆ ಬರುತ್ತದೆ.

ಹಾಗಂತ ಲಾಸ್‌ಲೆಸ್ ಬೇಡವೇ? ಹೆಚ್ಚು ದುಡ್ಡು ಕೇಳದಿದ್ದರೆ ಖಂಡಿತ ಇರಲಿ. ಹಾಕಿದ ಹಾಡಿಗೆ ಏನೂ ಕಡಿಮೆಯಾಗಿಲ್ಲ ಅನ್ನುವ ನೆಮ್ಮದಿಯಾದರೂ ಸಿಗುತ್ತದೆ. ಆದರೆ ಅದು ನಿಮ್ಮ ಕಿವಿಯ ತನಕ ಹಾಗೇ ಬರಬೇಕಲ್ಲ. ಬ್ಲೂಟೂತ್ ಹೆಡ್‌ಫೋನ್ ಹಾಕಿದ ಕ್ಷಣ ಬಹುಮಟ್ಟಿಗೆ ಆ ಕಥೆ ಮುಗಿಯಿತು. ಬ್ಲೂಟೂತ್‌ನಲ್ಲಿ ಧ್ವನಿ ಕಳಿಸುವ ಸೋನಿಯ ಎಲ್‌ಡ್ಯಾಕ್ ವಿಧಾನ ಕೂಡ ಗರಿಷ್ಠ 990 ಕಿಲೋಬಿಟ್, ಉಳಿದವು ಸಾಮಾನ್ಯವಾಗಿ ಅದರ ಅರ್ಧಕ್ಕೂ ಕಡಿಮೆ. ಬ್ಲೂಟೂತ್‌ನಲ್ಲಿ ಕೇಳುತ್ತಾ ಪ್ಲಾಟಿನಂಗೆ ದುಡ್ಡು ಕಟ್ಟುವುದು, ಬಾಲ್ಕನಿ ಟಿಕೆಟ್ ಕೊಂಡು ಗಾಂಧಿ ಕ್ಲಾಸಿನಲ್ಲಿ ಕೂತ ಹಾಗೆ. ನಿಮ್ಮ ಹತ್ತಿರ ವೈರ್ ಹೆಡ್‌ಫೋನೂ ಆಂಪ್ಲಿಫೈಯರೂ ಇರುವುದರಿಂದ ಈ ತೊಂದರೆ ಇಲ್ಲ. ಫೋನಿಗೆ ಚುಚ್ಚುವ ಒಂದು ಯುಎಸ್‌ಬಿ ಡಾಂಗಲ್ ಬೇಕು, ಅಂದರೆ ಫೈಲಿನ ಅಂಕಿಗಳನ್ನು ಧ್ವನಿಯಾಗಿಸುವ, ಬಾಲದ ಹಾಗಿರುವ ಪುಟ್ಟ ಡ್ಯಾಕ್. ಅಲ್ಲಿಂದ ಆಂಪ್ಲಿಫೈಯರ್‌ಗೆ ಹೋಗಲು 3.5 ಮಿಲಿಮೀಟರ್ ಪಿನ್‌ನಿಂದ ಆರ್‌ಸಿಎಗೆ, ಅಂದರೆ ಆಂಪ್ಲಿಫೈಯರ್ ಹಿಂದಿನ ಕೆಂಪು-ಬಿಳಿ ತೂತುಗಳಿಗೆ, ಹೋಗುವ ಕೇಬಲ್. ದುಬಾರಿ ಕೇಬಲ್ ತೋರಿಸಿದರೆ ನಗುತ್ತಾ ಮುಂದೆ ಹೋಗಿ.

ಡೇಟಾ ಲೆಕ್ಕವನ್ನೂ ನೋಡಿಕೊಳ್ಳಿ. ಆಪಲ್‌ನವರೇ ಕೊಟ್ಟ ಅಂದಾಜಿನಲ್ಲಿ ಮೂರು ನಿಮಿಷದ ಹಾಡಿಗೆ ಮಾಮೂಲಿ ಗುಣಮಟ್ಟದಲ್ಲಿ 6 ಎಂಬಿ, ಲಾಸ್‌ಲೆಸ್‌ನಲ್ಲಿ 36, ಹೈ-ರೆಸ್‌ನ ತುದಿಯಲ್ಲಿ 145. ಗಂಟೆಗೆ ಇಪ್ಪತ್ತು ಹಾಡು ಅಂದುಕೊಂಡರೆ ಕ್ರಮವಾಗಿ 120 ಎಂಬಿ, 720 ಎಂಬಿ, 2.9 ಜಿಬಿ. ದಿನಕ್ಕೆ ಒಂದೂವರೆ ಜಿಬಿಯ ಪ್ಯಾಕ್ ಇದ್ದರೆ ಹೈ-ರೆಸ್ ಅರ್ಧ ಗಂಟೆಗೇ ಅದನ್ನು ಖಾಲಿ ಮಾಡುತ್ತದೆ. ಮನೆಯ ವೈಫೈ ಇದ್ದರೆ ಚಿಂತೆ ಇಲ್ಲ. ಹೊರಗೆ ಹೋಗುವಾಗ ಮೊಬೈಲ್ ಡೇಟಾಕ್ಕೆ ಮಾಮೂಲಿ ಗುಣಮಟ್ಟ ಇಟ್ಟುಬಿಡಿ. ವಾಹನದ ಸದ್ದಿನಲ್ಲಿ ಯಾವುದೂ ಒಂದೇ.

ನೀವು ಕೇಳುವ ಹಾಡುಗಳ ವಿಷಯದಲ್ಲಿ ಇದೆಲ್ಲಕ್ಕಿಂತ ಮುಖ್ಯವಾದ ಸಂಗತಿ ಬೇರೆ ಇದೆ. ಲಾಸ್‌ಲೆಸ್ ಅಂದರೆ ಲೇಬಲ್ ಕೊಟ್ಟ ಫೈಲನ್ನು ಹಾಗೇ ಕೊಡುವುದು. ಲೇಬಲ್ ಕೊಟ್ಟದ್ದೇ ಸವೆದ ಟೇಪಿನಿಂದ ಅವಸರದಲ್ಲಿ ತೆಗೆದ ಫೈಲಾದರೆ? ಆ ಗೊರಗೊರವನ್ನೂ ಒಂದಿಷ್ಟೂ ಕಳೆಯದೆ ನಿಮಗೆ ತಲುಪಿಸುತ್ತಾರೆ. ಎಪ್ಪತ್ತರ ದಶಕದ ಎಷ್ಟೋ ಕನ್ನಡ ಹಾಡುಗಳ ಸ್ಥಿತಿ ಇದೇ. ಒಂದೇ ಹಾಡು ಚಿತ್ರದ ಆಲ್ಬಮ್‌ನಲ್ಲಿ ಒಂದು ಥರ, ‘ಹಿಟ್ಸ್’ ಸಂಗ್ರಹದಲ್ಲಿ ಇನ್ನೊಂದು ಥರ ಕೇಳಿಸುತ್ತದೆ. ಒಂದರಲ್ಲಿ ತಬಲಾ ಮುಂದೆ, ಇನ್ನೊಂದರಲ್ಲಿ ಯಾರೋ ಪ್ರತಿಧ್ವನಿ ಬೆರೆಸಿದ್ದಾರೆ, ಮತ್ತೊಂದರಲ್ಲಿ ವೇಗವೇ ಸ್ವಲ್ಪ ಜಾಸ್ತಿ. ಆದ್ದರಿಂದ ಇಷ್ಟದ ಹಾಡನ್ನು ಎರಡು ಮೂರು ಆಲ್ಬಮ್‌ಗಳಲ್ಲಿ ಹುಡುಕಿ ಕೇಳಿ, ಚೆನ್ನಾಗಿರುವುದನ್ನು ಗುರುತು ಹಾಕಿಟ್ಟುಕೊಳ್ಳಿ. ಈ ಹುಡುಕಾಟದಲ್ಲಿ ಸಿಗುವ ವ್ಯತ್ಯಾಸ 320ಕ್ಕೂ ಲಾಸ್‌ಲೆಸ್‌ಗೂ ಇರುವುದಕ್ಕಿಂತ ಎಷ್ಟೋ ಪಾಲು ದೊಡ್ಡದು. ಇದಕ್ಕೆ ದುಡ್ಡೂ ಬೇಡ. ಬಾಂಬೆ ಸಹೋದರಿಯರ ಕ್ಯಾಸೆಟ್ಟನ್ನೋ ಊರಿನ ಕಛೇರಿಯ ರೆಕಾರ್ಡಿಂಗನ್ನೋ ನೀವು ಎತ್ತಿಟ್ಟಿದ್ದರೆ ಅದನ್ನೂ ಎಸೆಯಬೇಡಿ.

ಸೇವೆ ಆರಿಸುವಾಗಲೂ ಇದನ್ನೇ ಮೊದಲು ನೋಡಿ. ನಿಮಗೆ ಬೇಕೇ ಬೇಕು ಅನ್ನುವ ಮೂವತ್ತು ಹಾಡುಗಳ ಪಟ್ಟಿ ಮಾಡಿ, ಯಾವುದರಲ್ಲಿ ಎಷ್ಟು ಇವೆ ಎಂದು ಹುಡುಕಿ. ಇಂದು ಇರುವ ಹಾಡು ನಾಳೆ ಇರುತ್ತದೆ ಎಂಬ ಖಾತರಿ ಇಲ್ಲ ಅನ್ನುವುದೂ ನೆನಪಿರಲಿ. 2023ರ ಮಾರ್ಚ್‌ನಲ್ಲಿ ಝೀ ಮ್ಯೂಸಿಕ್ ಜೊತೆ ಒಪ್ಪಂದ ಕುದುರದೆ ಅವರ ಹಾಡುಗಳು ಸ್ಪಾಟಿಫೈಯಿಂದ ಮಾಯವಾಗಿದ್ದವು. ಪ್ರಾಣದ ಹಾಗಿರುವ ಹತ್ತಿಪ್ಪತ್ತು ಆಲ್ಬಮ್‌ಗಳ ಸಿಡಿ ಮನೆಯಲ್ಲಿದ್ದರೆ ಅವನ್ನು ಕಂಪ್ಯೂಟರಿನಲ್ಲಿ ಫ್ಲ್ಯಾಕ್ ಎಂಬ ಲಾಸ್‌ಲೆಸ್ ಫೈಲ್ ಮಾಡಿಟ್ಟುಕೊಳ್ಳಿ. ಅದಕ್ಕಿಂತ ಅಗ್ಗದ ಲಾಸ್‌ಲೆಸ್ ಬೇರೆ ಇಲ್ಲ.

ಮಗಳ ಖಾತೆಯ ಪ್ರಶ್ನೆ ಉಳಿಯಿತು. ಕೋಬಝ್, ಟೈಡಲ್ ಎರಡೂ ಭಾರತದಲ್ಲಿ ಅಧಿಕೃತವಾಗಿ ಅಂಗಡಿ ತೆರೆದಿಲ್ಲ. ಬೇರೆ ದೇಶದಲ್ಲಿದ್ದಂತೆ ತೋರಿಸುವ ವಿಪಿಎನ್ ಹಾಕಿ, ವಿದೇಶದ ವಿಳಾಸ ಕೊಟ್ಟು ಬಳಸುವವರಿದ್ದಾರೆ. ಅದು ಆ ಸೇವೆಗಳ ನಿಯಮಕ್ಕೆ ವಿರುದ್ಧ, ಯಾವತ್ತು ಬೇಕಾದರೂ ಖಾತೆ ನಿಲ್ಲಬಹುದು. ಕುಟುಂಬದ ಚಂದಾ ಕೂಡ ಒಂದೇ ಮನೆಯಲ್ಲಿರುವವರಿಗೆ ಮಾತ್ರ. ಮ್ಯೂನಿಕ್ ಮತ್ತು ಶಿವಮೊಗ್ಗ ಒಂದೇ ಮನೆ ಅಂತ ನೀವು ಅಂದುಕೊಳ್ಳಬಹುದು, ಅವರು ಒಪ್ಪುವುದಿಲ್ಲ. ಅದಕ್ಕಿಂತ ದೊಡ್ಡ ಕಾರಣ: ಯುರೋಪಿನ ಶಾಸ್ತ್ರೀಯ ಸಂಗೀತ, ಜಾಝ್‌ಗಳಲ್ಲಿ ಕೋಬಝ್ ಬಹಳ ಗಟ್ಟಿ. ನಿಮ್ಮ ಭಾವಗೀತೆಗಳಿಗಾಗಿ ಅಲ್ಲಿಗೆ ಹೋಗಬೇಕಿಲ್ಲ.

ನಿಮ್ಮ ಜಾಗದಲ್ಲಿ ನಾನಿದ್ದರೆ ಆಂಡ್ರಾಯ್ಡ್ ಫೋನಿಗೇ ಆಪಲ್ ಮ್ಯೂಸಿಕ್ ಹಾಕಿಕೊಳ್ಳುತ್ತಿದ್ದೆ. ಅದಕ್ಕೆ ಐಫೋನ್ ಬೇಕಿಲ್ಲ, 2021ರಿಂದ ಆಂಡ್ರಾಯ್ಡ್‌ನಲ್ಲೂ ಲಾಸ್‌ಲೆಸ್ ಸಿಗುತ್ತದೆ. ಹಾಕಿದ ತಕ್ಷಣ ಸೆಟ್ಟಿಂಗ್‌ಗೆ ಹೋಗಿ ನೀವೇ ಅದನ್ನು ಆನ್ ಮಾಡಬೇಕು, ತಾನಾಗಿ ಆಗುವುದಿಲ್ಲ. ಏರ್‌ಟೆಲ್ ಸಂಪರ್ಕ ಇದ್ದರೆ ನಿಮ್ಮ ಪ್ಲಾನ್ ಜೊತೆಗೇ ಆಪಲ್ ಮ್ಯೂಸಿಕ್ ಬಂದಿದೆಯಾ ಎಂದು ಮೊದಲು ನೋಡಿ. ಇಲ್ಲದಿದ್ದರೆ ಉಚಿತ ಟ್ರಯಲ್ ಸಿಕ್ಕರೆ ಅದರಲ್ಲಿ ನಿಮ್ಮ ಮೂವತ್ತು ಹಾಡುಗಳ ಪಟ್ಟಿ ಹಿಡಿದು ಕೂರಿ. ಆಟೋಪೇ ಒಪ್ಪಿಗೆ ಮೊದಲೇ ತೆಗೆದುಕೊಂಡಿರುತ್ತಾರೆ. ಟ್ರಯಲ್ ಮುಗಿಯುವ ಎರಡು ದಿನ ಮುಂಚಿನ ತಾರೀಖಿಗೆ ಗೋಡೆಯ ಕ್ಯಾಲೆಂಡರ್‌ನಲ್ಲಿ ಒಂದು ಸುತ್ತು ಹಾಕಿಟ್ಟುಕೊಳ್ಳಿ.